ತಿನ್ನುವ ತಾಳೆ, ತಿನ್ನಬಾರದ ತಾಳೆ

ಮಲೆನಾಡಿನ ಕಾಡಿನಲ್ಲಿ ತಾನಾಗಿ ಬೆಳೆಯುವ ಬೈನೆ ಮರ ಈಗ ಪೇಟೆಯ ಉದ್ಯಾನಗಳಲ್ಲೂ ನಿಂತಿದೆ. ಬಗನಿ ಎಂದರೂ ಇದೇ ಮರ. ಗೋಲಿ ಗಾತ್ರದ ಹಣ್ಣುಗಳು ಕೆಂಪಡರಿ ಜಡೆಜಡೆಯಾಗಿ ಇಳಿಬಿದ್ದಾಗ ಕೈ ತಾನಾಗಿ ಅತ್ತ ಹೋಗುತ್ತದೆ. ಹಣ್ಣನ್ನು ಹಿಚುಕಿದರೆ ರಸ ಬೆರಳಿಗೆ ಅಂಟುತ್ತದೆ, ಸ್ವಲ್ಪ ಹೊತ್ತಿಗೆ ಚರ್ಮ ಉರಿಯತೊಡಗುತ್ತದೆ. ಬಾಯಿಗೆ ಹಾಕಿಕೊಂಡರೆ ತುಟಿ, ನಾಲಿಗೆ, ಗಂಟಲಿಗೂ ಅದೇ ಗತಿ.

ಕಾರಣ, ತಿರುಳಿನಲ್ಲಿ ಅಡಗಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಿವು. ಕೆಸುವಿನ ಎಲೆ, ಸುವರ್ಣಗಡ್ಡೆಗಳ ತುರಿಕೆಗೂ ಇವೇ ಮೂಲ. ಪತ್ರೊಡೆ ಮಾಡುವವರು ಹುಣಸೆಹುಳಿ ಸೇರಿಸಿ, ಹಬೆಯಲ್ಲಿ ಚೆನ್ನಾಗಿ ಬೇಯಿಸಿ ಕೆಸುವನ್ನು ಪಳಗಿಸಿದ್ದಾರೆ. ಬೈನೆ ಹಣ್ಣಿಗೆ ಮಾತ್ರ ಜನ ಸಾಮಾನ್ಯವಾಗಿ ಆ ಕಷ್ಟಪಟ್ಟಿಲ್ಲ. ಮರದಿಂದ ಕಳ್ಳು ಇಳಿಸಿದರು, ಬರಗಾಲದಲ್ಲಿ ಕಾಂಡದ ಹಿಟ್ಟು ತಿಂದರು, ಹಣ್ಣನ್ನು ಪುನುಗು ಬೆಕ್ಕಿಗೆ ಬಿಟ್ಟರು.

ತಾಳೆ ಕುಟುಂಬದಲ್ಲಿ ಸುಮಾರು 2,600 ಪ್ರಭೇದಗಳಿವೆ. ತೆಂಗು, ಖರ್ಜೂರ, ಈಚಲು, ಅಡಿಕೆ, ಬೈನೆ ಎಲ್ಲವೂ ಒಂದೇ ಮನೆತನದವು. ಆದ್ದರಿಂದ ತಾಳೆಯ ಹಣ್ಣು ತಿನ್ನಬಹುದೇ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಯಾವ ಮರ, ಯಾವ ಭಾಗ, ಎಷ್ಟು ಬಲಿತದ್ದು, ಹೇಗೆ ಹದಮಾಡಿದ್ದು ಎಂಬುದನ್ನು ಆಯಾ ಊರಿನ ಜನ ಬಾಯಿಯಿಂದ ಬಾಯಿಗೆ ದಾಟಿಸಿಕೊಂಡು ಬಂದಿದ್ದಾರೆ.

ತಾಟಿ ಮರವನ್ನೇ ನೋಡಿ. ಬೇಸಿಗೆಯಲ್ಲಿ ರಸ್ತೆ ಬದಿಯ ವ್ಯಾಪಾರಿ ಎಳೆ ಕಾಯಿಯ ತಲೆಯನ್ನು ಮಚ್ಚಿನಿಂದ ಸವರಿದರೆ ಸಾಮಾನ್ಯವಾಗಿ ಮೂರು ಕಣ್ಣು ಕಾಣುತ್ತವೆ. ಹೆಬ್ಬೆರಳು ತೂರಿಸಿ ಎಬ್ಬಿಸಿದ ತಾಟಿನುಂಗಿನ ಒಗರು ಸಿಪ್ಪೆ ಸುಲಿದರೆ ಒಳಗೆ ನೀರು ತುಂಬಿದ ತಂಪಾದ ತಿರುಳು. ಕಾಯಿ ಬಲಿತರೆ ಆ ತಿರುಳು ಕಲ್ಲಾಗುತ್ತದೆ. ಆಮೇಲೆ ತಿನ್ನುವುದು ಅದರ ಸುತ್ತಲಿನ ಕಿತ್ತಳೆ ಬಣ್ಣದ ನಾರುಗುಂಜನ್ನು. ಅದರಲ್ಲಿ ಕಹಿ ಇರುತ್ತದೆ. ಬಂಗಾಳದವರು ರಸವನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ಕಹಿನೀರು ಬಸಿದುಹೋದ ಮೇಲೆ ಜನ್ಮಾಷ್ಟಮಿಗೆ ಅದರಿಂದಲೇ ವಡೆ ಕರಿಯುತ್ತಾರೆ.

ಇಂಥ ತಿಳಿವಳಿಕೆ ಹದಿನೇಳನೆಯ ಶತಮಾನದಲ್ಲಿ ಒಂದು ಪುಸ್ತಕವನ್ನೂ ಸೇರಿತು. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್, ಕೇರಳದ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ಪಂಡಿತರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರ ನೆರವಿನಿಂದ ‘ಹೋರ್ಟಸ್ ಮಲಬಾರಿಕಸ್’ ಬರೆಸಿದರು. 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಂನಲ್ಲಿ ಅಚ್ಚಾದ ಅದರ ಹನ್ನೆರಡು ಸಂಪುಟಗಳಲ್ಲಿ ತೆಂಗು, ಅಡಿಕೆ, ತಾಟಿ, ಬೈನೆಗಳ ಚಿತ್ರಗಳಿವೆ. ಅದನ್ನು ಆಧಾರವಾಗಿ ಬಳಸಿಕೊಂಡ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರ ತಮ್ಮ ಪುಸ್ತಕದಲ್ಲಿ ಬೈನೆಗೆ ‘ಕ್ಯಾರಿಯೋಟ ಯುರೆನ್ಸ್’ ಎಂದು ಹೆಸರಿಟ್ಟರು.

1753ರ ಅದೇ ಪುಸ್ತಕದಲ್ಲಿ ಲಿನೇಯಸ್ ಸೈಕಸ್ ಗಿಡವನ್ನೂ ತಾಳೆಗಳ ಸಾಲಿಗೇ ಸೇರಿಸಿದರು. ಗರಿ ಕಂಡರೆ ತಾಳೆಯೇ, ಆದರೆ ಅದು ಪೈನ್ ಮರಗಳ ಕಡೆಯ ಸಂಬಂಧಿ. ಅದರ ಬೀಜದಲ್ಲಿ ಯಕೃತ್ತನ್ನು ಕೆಡಿಸುವ ಸೈಕಸಿನ್ ಎಂಬ ವಿಷವಿದೆ.

ಈ ವಿಷವನ್ನು ಅರಿಯದ ಬೆಲೆಯನ್ನು 1770ರಲ್ಲಿ ಕ್ಯಾಪ್ಟನ್ ಕುಕ್‌ನ ‘ಎಂಡೆವರ್’ ಹಡಗಿನವರು ತೆತ್ತರು. ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯಲ್ಲಿ ಮೂಲನಿವಾಸಿಗಳ ಒಲೆಗಳ ಬಳಿ ಸೈಕಸ್ ಬೀಜದ ಸಿಪ್ಪೆ ಬಿದ್ದಿತ್ತು. ಅವರು ತಿಂದಿದ್ದರೆ ನಾವೂ ತಿನ್ನಬಹುದು ಎಂದುಕೊಂಡ ನಾವಿಕರಿಗೆ ವಾಂತಿ, ಭೇದಿ ಹತ್ತಿಕೊಂಡಿತು. ಹಡಗಿನ ಹಂದಿಗಳೂ ತಿಂದು, ಅವುಗಳಲ್ಲಿ ಎರಡು ಸತ್ತವೆಂದು ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ದಿನಚರಿಯಲ್ಲಿ ಬರೆದಿದ್ದಾರೆ. ಮೂಲನಿವಾಸಿಗಳು ಬೀಜವನ್ನು ಒಡೆದು, ದಿನಗಟ್ಟಲೆ ನೀರಲ್ಲಿ ನೆನೆಸಿ ವಿಷ ತೆಗೆಯುತ್ತಿದ್ದರು. ಬಂದವರಿಗೆ ಸಿಪ್ಪೆ ಕಂಡಿತು, ಆ ಕೆಲಸ ಕಾಣಲಿಲ್ಲ. ಮಲಬಾರಿನಲ್ಲೂ ‘ಈಂದ್’ ಎಂದು ಕರೆಯುವ ಸೈಕಸ್‌ನ ಬೀಜವನ್ನು ನೀರು ಬದಲಿಸುತ್ತ ನೆನೆಸಿದ ಮೇಲೆಯೇ ಹಿಟ್ಟು ಮಾಡುವುದು.

ರೂಢಿಯಲ್ಲಿದೆ ಎಂದ ಮಾತ್ರಕ್ಕೆ ನಿರಪಾಯ ಎನ್ನುವಂತೆಯೂ ಇಲ್ಲ. ಶುಭಕಾರ್ಯಕ್ಕೆಲ್ಲ ಬೇಕಾದ ಅಡಿಕೆಯನ್ನು ಜಗಿಯುವುದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಬ್ರೆಜಿಲ್‌ನಲ್ಲಿ ಅಸಾಯಿ ತಾಳೆಯ ಹಣ್ಣು ನಿತ್ಯದ ಆಹಾರ. ಆದರೆ ರೋಗಾಣು ಹೊತ್ತ ಕೀಟಗಳು ಹಣ್ಣಿನ ಜೊತೆ ಅರೆದುಹೋದಾಗ ಹಸಿ ರಸದಿಂದ ಚಾಗಸ್ ರೋಗ ಹರಡಿತು. ಹಾಗಾಗಿ ಅಲ್ಲಿನ ಪಾರಾ ರಾಜ್ಯದಲ್ಲಿ ಹಣ್ಣನ್ನು ಅರೆಯುವ ಮೊದಲು ಬಿಸಿನೀರಿನಲ್ಲಿ ಅದ್ದುವ ನಿಯಮ ಬಂದಿದೆ.

ನಮ್ಮ ನರ್ಸರಿಗಳಲ್ಲಿ ಸೈಕಸ್ ಇಂದಿಗೂ ‘ಸೇಗೋ ಪಾಮ್’ ಎಂಬ ಹೆಸರಲ್ಲೇ ಕುಂಡಕ್ಕೆ ಬರುತ್ತದೆ. ಅದರ ಬೀಜ ಅಗಿದರೆ ನಾಯಿ ಸಾಯಬಹುದು. ಸಸಿ ಮಾರುವವರು ಇದನ್ನು ಕೊಳ್ಳುವವರಿಗೆ ಹೇಳಲೇಬೇಕು. ಬೈನೆಯನ್ನು ಮಕ್ಕಳು ಆಡುವ ಜಾಗದಿಂದ ದೂರ ನೆಡಬೇಕು, ಉದುರಿದ ಹಣ್ಣನ್ನು ಕೈಗವಸು ತೊಟ್ಟು ಬಾಚಬೇಕು. ರಸ ತಾಗಿದರೆ ಉಜ್ಜದೆ ನೀರಿನಲ್ಲಿ ತೊಳೆಯಬೇಕು. ಗಂಟಲು ಊದಿಕೊಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.