ಪೀಠದ ಮೇಲೆ ನಿಂತವರು

ಬೆಂಗಳೂರಿನ ಹಳೆಯ ಛಾಯಾಚಿತ್ರಗಳಲ್ಲಿ ಪ್ರತಿಮೆಗಳಿಗೆ ದೊರೆತಿರುವ ಅಗ್ರಸ್ಥಾನವು ಆಕಸ್ಮಿಕವಲ್ಲ. ಆಗಿನ ಯಂತ್ರದ ಮುಂದೆ ನಡೆದಾಡುವ ಮನುಷ್ಯನು ಮಸುಕಾಗಿ ಮಾಯವಾಗುತ್ತಿದ್ದನು. ಕಲ್ಲು ಕಂಚುಗಳು ಮಾತ್ರ ಸ್ಥಿರವಾಗಿ ಮೂಡುತ್ತಿದ್ದುವು. ಹೀಗೆ ಪ್ರಜೆಗಳಿಲ್ಲದ ನಗರದಲ್ಲಿ ಪ್ರಭುವೊಬ್ಬನೇ ಉಳಿದನು! 1866ರಲ್ಲಿ ಅನಾವರಣಗೊಂಡು ಬಹುಕಾಲ ಅಠಾರಾ ಕಚೇರಿಯೆದುರು ನಿಂತಿದ್ದ ಕಬ್ಬನ್ನರ ಅಶ್ವಾರೂಢ ಪ್ರತಿಮೆಯಾಗಲಿ, 1906ರಲ್ಲಿ ವೇಲ್ಸ್ ರಾಜಕುಮಾರನು ಅನಾವರಣಗೊಳಿಸಿದ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಮೂರ್ತಿಯಾಗಲಿ, ಆಳುವವರು ಯಾರೆಂಬುದನ್ನು ದಾರಿಹೋಕನಿಗೆ ನೆನಪಿಸುವುದಕ್ಕಾಗಿಯೇ ಎತ್ತರದ ಪೀಠವನ್ನೇರಿದುವು.

ಹಾಸನದ ಸೀಮೆಗೆ ಛಾಯಾಯಂತ್ರವು ಅದಕ್ಕೂ ಮೊದಲೇ ಬಂದಿತ್ತು. 1854ರಲ್ಲಿ ಲಿನ್ನೀಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ಬೇಲೂರು ಹಳೇಬೀಡುಗಳ ಚಿತ್ರಗಳನ್ನು ತೆಗೆದನು. ಹಳೇಬೀಡೊಂದನ್ನೇ ಕುರಿತು 56 ಚಿತ್ರಗಳುಳ್ಳ ಓಕ್ಲಿಯ ಗ್ರಂಥವು 1859ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ದುರಸ್ತಿಗೆ ಮುಂಚಿನ ಸ್ಥಿತಿಯನ್ನು ಉಳಿಸಿಕೊಟ್ಟ ಇಂಥವರ ಉಪಕಾರವನ್ನು ನಾವು ಮರೆಯಲಾಗದು. ಆದರೆ ನಗರದಲ್ಲಿ ವೈಭವವನ್ನು ಹುಡುಕಿದ ಕಣ್ಣೇ ಇಲ್ಲಿ ಪಾಳನ್ನು ಹುಡುಕಿತೆಂಬುದನ್ನೂ ಹೇಳಬೇಕು. ವೈಭವವು ಮುಗಿದುಹೋದ ನಾಡು, ಅದಕ್ಕೊಬ್ಬ ಪೋಷಕನು ಬೇಕು ಎಂಬ ಧ್ವನಿಯು ಅಂಥ ಚಿತ್ರಗಳಿಂದ ಹೊರಡುವುದು ಸಹಜವೇ ಆಗಿತ್ತು.

ನಮ್ಮವರಿಗೆ ಸಾರ್ವಜನಿಕ ಸ್ಮಾರಕದ ಕಲ್ಪನೆ ಇರಲಿಲ್ಲವೆಂದು ಯಾರಾದರೂ ತಿಳಿದಿದ್ದರೆ ಹೊಯ್ಸಳೇಶ್ವರನ ಗುಡಿಯ ಬಳಿಯ ಗರುಡಗಂಬವನ್ನು ನೋಡಲಿ. 1220ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮನು ಹೆಂಡತಿ ಸುಗ್ಗಲದೇವಿಯೊಡನೆಯೂ ತನ್ನ ಯೋಧರೊಡನೆಯೂ ಪ್ರಾಣವನ್ನೊಪ್ಪಿಸಿದನೆಂದು ಅದರ ಶಾಸನವು ಸಾರುತ್ತದೆ. ತಮ್ಮ ಶಿರಸ್ಸನ್ನು ತಾವೇ ಅರಿದುಕೊಳ್ಳುವ ವೀರರು ಕಂಬದ ಮೇಲೆ ಮೂಡಿದ್ದಾರೆ. ಆ ಪದ್ಧತಿಯನ್ನು ನಾವು ಹೊಗಳುವವರಲ್ಲ. ಆದರೂ ಒಡೆಯನಿಗಲ್ಲದೆ ಸೇವಕನಿಗೆ ನಿಂತ ಕಂಬವದು. ಬೇಲೂರಿನಲ್ಲಿಯಾದರೋ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಮದನಿಕೆಯರ ಅಡಿಯಲ್ಲಿ ತಮ್ಮ ಹೆಸರುಗಳನ್ನೇ ಕೊರೆದಿಟ್ಟಿದ್ದಾರೆ. ವಿಕ್ಟೋರಿಯಾ ಮೂರ್ತಿಯ ಶಿಲ್ಪಿ ಥಾಮಸ್ ಬ್ರಾಕ್ ಎಂಬುದನ್ನು ಅದರ ಮುಂದೆ ನಡೆದಾಡುವವರಲ್ಲಿ ಎಷ್ಟು ಮಂದಿ ಬಲ್ಲರು?

ಅರಸೀಕೆರೆಯಲ್ಲಿ ರಾಣಿಯ ನೆನಪು ಮೂರ್ತಿಯಾಗಲಿಲ್ಲ, ನೀರಾಯಿತು. ಅರಸಿಯ ಕೆರೆಯೆಂಬ ಹೆಸರೇ ಇದಕ್ಕೆ ಸಾಕ್ಷಿ.

ಕಬ್ಬನ್ನರ ಪ್ರತಿಮೆಯನ್ನು 2020ರಲ್ಲಿ ಉದ್ಯಾನದೊಳಕ್ಕೆ ಸಾಗಿಸಿದರು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅರಸೀಕೆರೆಯ ಈಶ್ವರ ದೇಗುಲವು, ಹದಿನಾರು ಮೂಲೆಗಳ ನಕ್ಷತ್ರಾಕಾರದ ಮಂಟಪವಿದ್ದರೂ, ಆ ಪಟ್ಟಿಯಲ್ಲಿಲ್ಲ. ಜಂಕ್ಷನ್ನಿನಲ್ಲಿ ರೈಲು ಬದಲಿಸುವವರು ಬಿಡುವು ಮಾಡಿಕೊಂಡು ಒಮ್ಮೆ ಊರೊಳಗೆ ಹೋಗಿಬರಬಹುದು.