ಕೈ ಕಂಡರೆ ಕಿರುಚುವ ಗಿಣಿ, ಚಿಪ್ಪಿನೊಳಗೆ ಅಡಗುವ ಆಮೆ: ಹಳೆಯ ಹಿಂಸೆ ಅವಕ್ಕೆ ಹೇಗೆ ನೆನಪಿರುತ್ತೆ?

ಈ ವಾರದ ಮಾತುಕತೆಯ ಬರಹರೂಪ ಇದು. ಲೋಕಲ್ ಟ್ರೇನಲ್ಲಿ, ಮೆಟ್ರೋದಲ್ಲಿ ವಿಡಿಯೊ ನೋಡೋಕೆ ಆಗಲ್ಲ, ಓದೋಕೆ ಕೊಡಿ ಅಂತ ಕೇಳುವವರಿಗಾಗಿ ಮಾತನ್ನು ಸ್ವಲ್ಪ ತಿದ್ದಿ ಹಾಕಿದ್ದೇವೆ.

ಮೊದಲು ಒಂದು ಪ್ರಶ್ನೆ ತಗೊಳ್ಳೋಣ. ಬೇರೆ ಬೇರೆ ಊರುಗಳಿಂದ ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರ್ತಾ ಇರುತ್ತೆ. "ಯಾರೋ ಸರಿಯಾಗಿ ನೋಡಿಕೊಳ್ಳದೆ ಬಿಟ್ಟ ಗಿಣಿಯನ್ನ ನಾವು ತಂದು ಸಾಕ್ತಾ ಇದ್ದೀವಿ. ದೊಡ್ಡ ಪಂಜರ, ಒಳ್ಳೆ ಊಟ, ಎಲ್ಲಾ ಇದೆ. ಆದ್ರೂ ಕೈ ಚಾಚಿದರೆ ಕಿರುಚುತ್ತೆ, ಕಚ್ಚುತ್ತೆ. ತಿಂಗಳುಗಳೇ ಕಳೆದವು. ಇದಕ್ಕೆ ನಾವು ಒಳ್ಳೆಯವರು ಅಂತ ಗೊತ್ತಾಗಲ್ವಾ? ಬೇರೆ ಯಾರಿಗಾದ್ರೂ ಕೊಟ್ಟುಬಿಡೋಣ ಅಂತಿದಾರೆ ಮನೆಯವರು."

ಈ ಕೊನೆಯ ವಾಕ್ಯಕ್ಕಾಗಿಯೇ ಇವತ್ತು ಮಾತಾಡಬೇಕು ಅನ್ನಿಸಿತು. ಆಫ್ರಿಕನ್ ಗ್ರೇ ಥರದ ಗಿಣಿ ನಲವತ್ತು, ಐವತ್ತು ವರ್ಷ ಬದುಕಬಲ್ಲದು. ಅಷ್ಟು ಆಯಸ್ಸಿನಲ್ಲಿ ಮನೆಯಿಂದ ಮನೆಗೆ ದಾಟಿಸುತ್ತಾ ಹೋದರೆ, ಪ್ರತಿ ಮನೆಯೂ ಅದರ ಭಯಕ್ಕೆ ಇನ್ನೊಂದು ಪದರ ಸೇರಿಸುತ್ತೆ. ಹಾಗಾಗಿ ಕೊಟ್ಟುಬಿಡುವ ಮೊದಲು, ಅದರ ತಲೆಯಲ್ಲಿ ಏನು ನಡೀತಿದೆ ಅಂತ ನೋಡೋಣ.

ಕಾಗೆಗಳು ತೋರಿಸಿಕೊಟ್ಟದ್ದು

ಹಕ್ಕಿಗೆ ನಿಜವಾಗಿ ಒಬ್ಬ ಮನುಷ್ಯನ ಮುಖ ನೆನಪಿರುತ್ತಾ? ಇದಕ್ಕೆ ಚೆನ್ನಾಗಿ ಉತ್ತರ ಸಿಕ್ಕಿದ್ದು ಸಾಕುಹಕ್ಕಿಗಳಿಂದಲ್ಲ, ಕಾಗೆಗಳಿಂದ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಮತ್ತು ಅವರ ತಂಡ 2006ರಲ್ಲಿ ಗುಹೆಮನುಷ್ಯನ ಮುಖವಾಡ ಹಾಕಿಕೊಂಡು ಕ್ಯಾಂಪಸ್ಸಿನ ಏಳು ಕಾಗೆಗಳನ್ನು ಬಲೆಯಲ್ಲಿ ಹಿಡಿದರು. ಕಾಲಿಗೆ ಗುರುತಿನ ಪಟ್ಟಿ ಕಟ್ಟಿ ಬಿಟ್ಟರು, ಅಷ್ಟೆ. ಆಮೇಲೆ ಅದೇ ಮುಖವಾಡ ಹಾಕಿ ಸುಮ್ಮನೆ ಓಡಾಡಿದರೂ ಕಾಗೆಗಳು ಮೇಲೆರಗಿ ಬೈಯೋಕೆ ಶುರುಮಾಡಿದವು. ಹೋಲಿಕೆಗೆ ಅಂತ ಇನ್ನೊಂದು ಮುಖವಾಡವೂ ಇತ್ತು, ಆಗಿನ ಉಪಾಧ್ಯಕ್ಷ ಡಿಕ್ ಚೇನಿಯದು. ಅದನ್ನು ಕಂಡಾಗ ಕಾಗೆಗಳು ಹೆಚ್ಚುಕಮ್ಮಿ ಸುಮ್ಮನಿದ್ದವು.

ವರ್ಷಗಳು ಕಳೆದರೂ ಆ ಬೈಗುಳ ನಿಲ್ಲಲಿಲ್ಲ. ಬಲೆಗೆ ಬೀಳದೇ ಇದ್ದ ಕಾಗೆಗಳೂ, ಆಮೇಲೆ ಹುಟ್ಟಿದ ಮರಿಗಳೂ ದೊಡ್ಡವನ್ನು ನೋಡಿ ಆ ಮುಖವನ್ನು ಬೈಯೋಕೆ ಕಲಿತವು. 2012ರಲ್ಲಿ ಅದೇ ತಂಡ ಕಾಗೆಗಳ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿತು. ತಮ್ಮನ್ನು ಹಿಡಿದವನ ಮುಖ ಕಂಡಾಗ, ನಮ್ಮಲ್ಲಿ ಭಯವನ್ನು ನಿಭಾಯಿಸುವ ಅಮಿಗ್ಡಲಾಕ್ಕೆ ಸರಿಸಮವಾದ ಭಾಗ ಚುರುಕಾಗಿತ್ತು. ಊಟ ಕೊಟ್ಟವನ ಮುಖ ಕಂಡಾಗ ಕೆಲಸ ಮಾಡಿದ್ದು ಬೇರೆ ಭಾಗಗಳು.

ಒಂದೇ ಒಂದು ಸಲ ಹಿಡಿದದ್ದಕ್ಕೆ ಇಷ್ಟು. ಇನ್ನು ದಿನಾ ಪಂಜರಕ್ಕೆ ಕೋಲು ಬಡಿಸಿಕೊಂಡ ಗಿಣಿಯ ಲೆಕ್ಕ ನೀವೇ ಹಾಕಿ.

ಗಿಣಿಗೆ ನೆನಪಿರೋದು ಕಥೆಯಲ್ಲ, ಗುರುತು

"ಹಿಂದಿನ ಮನೆಯವರು ನನಗೆ ಹೀಗೆ ಮಾಡಿದರು" ಅಂತ ಗಿಣಿ ಕೂತು ನೆನೆಸಿಕೊಳ್ಳುತ್ತೆ ಅಂತ ಹೇಳೋಕೆ ನಮ್ಮ ಹತ್ತಿರ ಆಧಾರ ಇಲ್ಲ. ಅದಕ್ಕೆ ಗಟ್ಟಿಯಾಗಿ ಉಳಿಯೋದು ಗುರುತುಗಳು: ಮೇಲಿನಿಂದ ಬರುವ ಕೈ, ಪೊರಕೆ, ಹಿಡಿಯೋಕೆ ಬಳಸಿದ ಟವೆಲ್, ಗಡ್ಡದ ಮುಖ, ಬಾಗಿಲು ಬಡಿದ ಸದ್ದು. ನಮ್ಮಲ್ಲೇ ಗಾದೆ ಇದೆಯಲ್ಲ, ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಅಂತ. ಒಂದು ಕೈಯಿಂದ ಕಲಿತ ಭಯ ಎಲ್ಲಾ ಕೈಗಳಿಗೂ ಹರಡುತ್ತೆ. ನಿಮ್ಮ ಕೈ ಎಷ್ಟು ಒಳ್ಳೆಯದು ಅನ್ನೋದು ಅದಕ್ಕೆ ಇನ್ನೂ ಗೊತ್ತಿಲ್ಲ. ಕೈ ಅಂದರೆ ಏನು ಅನ್ನೋದು ಮಾತ್ರ ಗೊತ್ತು.

ಹಾಗಾಗಿ "ಇದಕ್ಕೆ ಯಾಕೆ ಕೃತಜ್ಞತೆ ಇಲ್ಲ" ಅಂತ ಕೇಳೋದರಿಂದ ಪ್ರಯೋಜನ ಇಲ್ಲ. "ಯಾವುದನ್ನು ಕಂಡಾಗ ಬೆದರುತ್ತೆ" ಅಂತ ಕೇಳಿ. ಒಂದು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮನೆಕೆಲಸದವರು ಬಂದಾಗ ಮಾತ್ರಾನಾ? ಕೆಂಪು ಬಟ್ಟೆ ಹಾಕಿದಾಗಲಾ? ನೀವು ನಿಂತಿದ್ದಾಗ ಹೆದರಿ, ಕೂತಾಗ ಸುಮ್ಮನಿರುತ್ತಾ? ಉತ್ತರ ಅಲ್ಲೇ ಸಿಗೋ ಸಾಧ್ಯತೆ ಜಾಸ್ತಿ.

ಕೆಟ್ಟ ದಿನಗಳು ಮೈಮೇಲೂ ಗುರುತು ಬಿಡುತ್ತವೆ. ಗರಿ ಬೆಳೆಯುತ್ತಿರುವಾಗ ಹಕ್ಕಿಗೆ ಒತ್ತಡವಾದರೆ, ಊಟ ಸಾಲದೇ ಹೋದರೆ, ಆ ಗರಿಯ ಅಡ್ಡಕ್ಕೆ ಒಂದು ತೆಳು ಗೆರೆ ಮೂಡುತ್ತೆ. ಗರಿ ಅಲ್ಲೇ ಬಲಹೀನವಾಗಿ ಮುರಿಯೋದೂ ಉಂಟು. ಕೆಲವು ಗಿಣಿಗಳು ತಮ್ಮ ಗರಿಯನ್ನು ತಾವೇ ಕಿತ್ತುಕೊಳ್ಳುತ್ತವೆ. ಆದ್ರೆ ಎಚ್ಚರಿಕೆ: ಗರಿ ಕೀಳುವ ಎಲ್ಲಾ ಗಿಣಿಗೂ ಹಳೆಯ ಹಿಂಸೆಯೇ ಕಾರಣ ಅಂದುಕೊಳ್ಳಬೇಡಿ. ಚರ್ಮದ ಸೋಂಕು, ವೈರಸ್, ಬರೀ ಸೂರ್ಯಕಾಂತಿ ಬೀಜ ತಿಂದು ಆಗುವ ಎ ವಿಟಮಿನ್ ಕೊರತೆ, ಬೇಸರ, ಇವೂ ಕಾರಣ ಆಗಬಹುದು. ಮೊದಲು ಪಕ್ಷಿಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ.

ಇದರಲ್ಲೇ ಒಂದು ಭರವಸೆಯೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಎಳೆಯ ಅಮೆಜಾನ್ ಗಿಣಿಗಳ ಮೇಲೆ ಪ್ರಯೋಗ ನಡೆಯಿತು. ಆಹಾರವನ್ನು ಹುಡುಕಿ, ಬಿಡಿಸಿ ತಿನ್ನುವಂತೆ ಇಟ್ಟು, ಹತ್ತೋಕೆ, ಕಚ್ಚೋಕೆ ವಸ್ತುಗಳನ್ನು ಕೊಟ್ಟಾಗ ಗರಿ ಕೀಳುವ ಚಟ ಬರೋದು ತಪ್ಪಿತು, ಬಂದಿದ್ದೂ ಕಡಿಮೆಯಾಯಿತು.

ಆಮೆ, ಇಗುವಾನಾ: ಮೌನವನ್ನು ತಪ್ಪಾಗಿ ಓದಬೇಡಿ

ಗಿಣಿ ಕಿರುಚುತ್ತೆ, ನಮಗೆ ಗೊತ್ತಾಗುತ್ತೆ. ಆಮೆ ಏನು ಮಾಡುತ್ತೆ? ಸುಮ್ಮನಿರುತ್ತೆ. "ನಮ್ಮ ಆಮೆ ತುಂಬಾ ಸಾಧು, ಮಕ್ಕಳು ಎತ್ತಿಕೊಂಡರೂ ಏನೂ ಮಾಡಲ್ಲ" ಅಂತ ನಾವು ಹೇಳ್ತೀವಿ. ಕೆನಡಾದ ಲಾವಾಲ್ ವಿಶ್ವವಿದ್ಯಾಲಯದ ಮಿಶೆಲ್ ಕಬನಾಕ್ ಈ ಮೌನದ ಒಳಗೆ ಏನಿದೆ ಅಂತ ಅಳೆದು ನೋಡಿದರು. ಕೈಯಲ್ಲಿ ಹಿಡಿದಾಗ ಆಮೆಯ ಎದೆಬಡಿತ ಏರಿತು, ಆಮೇಲೆ ಅದು ಹೆಚ್ಚು ಬೆಚ್ಚಗಿನ ಜಾಗ ಹುಡುಕಿಕೊಂಡು ಹೋಗಿ ಮೈಯ ಉಷ್ಣತೆ ಏರಿಸಿಕೊಂಡಿತು. ಇಗುವಾನಾವನ್ನು ಮೆತ್ತಗೆ ಹಿಡಿದರೂ ಎದೆಬಡಿತ ಏರಿತು. ಹೊರಗೆ ಕಲ್ಲು, ಒಳಗೆ ಓಟ!

ನೆನಪಿನ ಶಕ್ತಿಯೂ ಕಡಿಮೆ ಏನಲ್ಲ. ವಿಯೆನ್ನಾದ ಮೃಗಾಲಯದಲ್ಲಿ ದೈತ್ಯ ಆಮೆಗಳಿಗೆ, ಬಣ್ಣದ ಗುರಿಯನ್ನು ಕಚ್ಚಿದರೆ ತಿಂಡಿ ಸಿಗುತ್ತೆ ಅಂತ ಕಲಿಸಿದ್ದರು. ಒಂಬತ್ತು ವರ್ಷ ಬಿಟ್ಟು ಪರೀಕ್ಷಿಸಿದಾಗ ಮೂರು ಆಮೆಗಳಿಗೆ ಆ ಪಾಠ ಇನ್ನೂ ನೆನಪಿತ್ತು. 2019ರಲ್ಲಿ ಪ್ರಕಟವಾದ ಅಧ್ಯಯನ ಇದು. ಅದು ಸಿಹಿ ಪಾಠ, ನಿಜ. ಆದ್ರೆ ಸಿಹಿಯನ್ನು ಒಂಬತ್ತು ವರ್ಷ ಇಟ್ಟುಕೊಳ್ಳುವ ಪ್ರಾಣಿ ಕಹಿಯನ್ನು ವಾರದಲ್ಲಿ ಮರೆಯುತ್ತೆ ಅಂತ ನಂಬೋಕೆ ಕಾರಣ ಕಾಣಿಸಲ್ಲ.

ಇಗುವಾನಾಕ್ಕೆ ಮೇಲಿನಿಂದ ಬರುವ ಕೈ ಹದ್ದಿನ ಹಾಗೆ. ಬಾಲ ಹಿಡಿದು ಎಳೆದ ಅನುಭವ ಇದ್ದರಂತೂ ಹೇಳೋದೇ ಬೇಡ. ನಕ್ಷತ್ರ ಆಮೆಯ ಚಿಪ್ಪು ಗೋಪುರಗಳಂತೆ ಉಬ್ಬಿಕೊಂಡಿದ್ದರೆ ಸಾಮಾನ್ಯವಾಗಿ ಅದು ತಪ್ಪು ಆಹಾರ, ಒಣ ವಾತಾವರಣದಲ್ಲಿ ಬೆಳೆದ ವರ್ಷಗಳ ದಾಖಲೆ. ಕಾಡಿನಲ್ಲೂ ಆ ಚಿಪ್ಪು ಸ್ವಲ್ಪ ಉಬ್ಬಿರುತ್ತೆ ಅನ್ನೋದು ಬೇರೆ ಮಾತು. ಸಾಕಿದಾಗ ಆಗುವ ಅತಿಯಾದ ಉಬ್ಬು ಮಾತ್ರ ಮತ್ತೆ ಸಮ ಆಗೋದಿಲ್ಲ.

ಹಾಗಾದ್ರೆ ಹಳೆಯ ನೆನಪು ಅಳಿಯಲ್ವಾ?

ಪೂರ್ತಿ ಅಳಿಯಲ್ಲ. ಪಾವ್ಲೋವ್ ಕಾಲದಿಂದ ಗೊತ್ತಿರುವ ಸಂಗತಿ ಇದು: ಕಲಿತ ಪ್ರತಿಕ್ರಿಯೆ ಆರಿಹೋಯಿತು ಅಂದುಕೊಂಡ ಮೇಲೂ ಕಾಲ ಕಳೆದಾಗ, ಜಾಗ ಬದಲಾದಾಗ ಮರಳಿ ಬರಬಹುದು. ಹಳೆಯ ಪಾಠದ ಮೇಲೆ ಹೊಸ ಪಾಠ ಕೂರುತ್ತೆ, ಅಷ್ಟೆ. ಅದಕ್ಕೇ ಆರು ತಿಂಗಳು ಚೆನ್ನಾಗಿದ್ದ ಹಕ್ಕಿ ಮನೆ ಬದಲಿಸಿದ ದಿನ ಮತ್ತೆ ಮೊದಲಿನ ಹಾಗೆ ಕಿರುಚುತ್ತೆ. ಬಾಡಿಗೆ ಮನೆ, ವರ್ಗಾವಣೆ ಅಂತ ಊರೂರು ತಿರುಗುವ ನಮ್ಮಂಥವರು ಇದನ್ನು ಮೊದಲೇ ತಿಳಿದಿರಬೇಕು. ಮಾಡಿದ್ದೆಲ್ಲಾ ವ್ಯರ್ಥವಾಯಿತು ಅಂತ ಕೈಚೆಲ್ಲಬೇಡಿ. ಎರಡನೇ ಸಲ ಸಾಮಾನ್ಯವಾಗಿ ಬೇಗ ಸರಿಹೋಗುತ್ತೆ.

ಮನೆಯಲ್ಲಿ ಏನು ಮಾಡಬಹುದು?

ಗಿಣಿಯ ಹತ್ತಿರ ಹೋಗುವಾಗ ನೇರವಾಗಿ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ. ಸೀಬೆಹಣ್ಣಿನ ಚೂರೋ ಹಸಿಮೆಣಸಿನಕಾಯಿಯೋ, ಅದಕ್ಕೆ ಇಷ್ಟವಾದದ್ದನ್ನು ಬಟ್ಟಲಲ್ಲಿಟ್ಟು ದೂರ ಸರಿಯಿರಿ. ದಿನಕ್ಕೆ ಐದೈದು ನಿಮಿಷ ಸಾಕು. ಗರಿಗಳನ್ನು ಮೈಗೆ ಅಂಟಿಸಿಕೊಂಡು ಹಿಂದಕ್ಕೆ ವಾಲಿದರೆ ಅದು "ಬೇಡ" ಅನ್ನೋ ಮಾತು. ಅಲ್ಲೇ ನಿಲ್ಲಿಸಿ. "ಬೇಡ" ಅಂದಾಗ ಮನುಷ್ಯ ನಿಲ್ಲುತ್ತಾನೆ ಅನ್ನೋದೇ ಅದು ಕಲಿಯಬೇಕಾದ ಮೊದಲ ಹೊಸ ಪಾಠ. ಕೈ ಕೊನೆಗೆ ಬರಲಿ.

ಆಮೆಗೆ ಅಡಗೋಕೆ ಒಂದು ಜಾಗ, ಸರಿಯಾದ ಬಿಸಿ, ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಊಟ ಇರಲಿ. ಅಗತ್ಯ ಇಲ್ಲದೆ ಎತ್ತಬೇಡಿ. ಇಗುವಾನಾವನ್ನು ಎತ್ತಲೇಬೇಕಾದರೆ ಪಕ್ಕದಿಂದ, ಇಡೀ ಮೈಗೆ ಆಸರೆ ಕೊಟ್ಟು ಎತ್ತಿ. ಮನೆಗೆ ಬಂದ ನೆಂಟರಿಗೆ ಎತ್ತಿ ತೋರಿಸುವ ಪ್ರದರ್ಶನ ಬೇಡ.

ಕಾನೂನಿನ ಮಾತನ್ನೂ ಹೇಳಿಬಿಡ್ತೀನಿ. ನಮ್ಮ ದೇಶದ ಹಸಿರು ಗಿಣಿ, ನಕ್ಷತ್ರ ಆಮೆ ಇವೆರಡನ್ನೂ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಪ್ರೀತಿಯಿಂದ ಸಾಕಿದರೂ ಅಷ್ಟೆ. ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಿ. ರೆಕ್ಕೆ ಕತ್ತರಿಸಿದ ಗಿಣಿಯನ್ನು ಪುಣ್ಯ ಬರುತ್ತೆ ಅಂತ ಬಾಲ್ಕನಿಯಿಂದ ಹಾರಿಬಿಡಬೇಡಿ, ಬೆಕ್ಕಿನ ಬಾಯಿಗೆ ಕೊಟ್ಟ ಹಾಗೆ. ಕತ್ತರಿಸಿದ ಗರಿ ಉದುರಿ ಹೊಸದು ಬರುವವರೆಗೂ ಅದಕ್ಕೆ ಆರೈಕೆ ಬೇಕು. ಆಫ್ರಿಕನ್ ಗ್ರೇ ಥರದ ವಿದೇಶಿ ಜಾತಿಗಳಿಗೆ 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.

ಕೊನೆಯದಾಗಿ, ಕೊಟ್ಟುಬಿಡೋಣ ಅಂತಿರುವ ಮನೆಯವರಿಗೆ ಒಂದು ಮಾತು. ಗಿಣಿ ಒಂದು ದಿನ ನಿಮ್ಮ ಹೆಗಲ ಮೇಲೆ ಬಂದು ಕೂರುತ್ತೆ ಅಂತ ಯಾರೂ ಗ್ಯಾರಂಟಿ ಕೊಡೋಕಾಗಲ್ಲ. ಕೆಲವು ಯಾವತ್ತೂ ಕೂರಲ್ಲ. ಆದ್ರೆ ನೀವು ಕೋಣೆಗೆ ಬಂದಾಗ ಅದು ತಿನ್ನೋದನ್ನ ನಿಲ್ಲಿಸದೇ ಇದ್ದರೆ, ಅದೇ ದೊಡ್ಡ ಗೆಲುವು. ಇನ್ನಾರು ತಿಂಗಳು ಅದನ್ನು ಅದರ ಪಾಡಿಗೆ ಬಿಟ್ಟು, ಪಕ್ಕದಲ್ಲಿ ಕೂತು ನೋಡಿ.

ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.