ಮೆಸೇಜ್ ಹಾಕಿದ್ದೆನಲ್ಲ, ನೋಡ್ಲಿಲ್ವಾ?

ಬೆಳಗಿನ ಏಳೂವರೆ. ಒಂದು ಒಲೆ ಮೇಲೆ ಕುಕ್ಕರ್ ಎರಡನೇ ಸಲ ಕೂಗಿದೆ. ಇನ್ನೊಂದರ ಮೇಲೆ ಉಪ್ಪಿಟ್ಟಿನ ರವೆ ಘಮ್ ಅನ್ನುತ್ತಿದೆ. ಮಗಳ ಜಡೆ ಅರ್ಧ ಹೆಣೆದಾಗಿದೆ. ಅಷ್ಟರಲ್ಲಿ ಫ್ರಿಜ್ ಮೇಲಿಟ್ಟ ಮೊಬೈಲ್ ‘ಟಿಣ್’ ಅನ್ನುತ್ತದೆ. ನೀವೇನು ಮಾಡ್ತೀರಿ? ಸೆರಗಿಗೆ ಕೈ ಒರೆಸಿಕೊಂಡು ಓಡಿಹೋಗಿ ನೋಡ್ತೀರಾ? ಇಲ್ಲಾ ‘ಬಂದ್ರೆ ಬರ್ಲಿ, ಆಮೇಲೆ ನೋಡಿದ್ರಾಯ್ತು’ ಅಂತ ಜಡೆ ಮುಗಿಸ್ತೀರಾ?

ನಾನು ಆಮೇಲೆ ನೋಡುವ ಪಂಗಡದವಳು. ಅದಕ್ಕೆ ಹೆಮ್ಮೆಯೂ ಇತ್ತು ಅನ್ನಿ. ‘ಮೊಬೈಲ್ ನನ್ನ ಮಾತು ಕೇಳಬೇಕು, ನಾನು ಅದರ ಮಾತು ಕೇಳೋದಲ್ಲ’ ಅಂತ ಗೆಳತಿಯರ ಮುಂದೆ ದೊಡ್ಡದಾಗಿ ಹೇಳಿಕೊಳ್ಳುತ್ತಿದ್ದೆ. ಹೋದ ವರ್ಷ ಆಷಾಢದಲ್ಲಿ ಆ ಹೆಮ್ಮೆ ಇಳಿಯಿತು.

ಶಿವಮೊಗ್ಗದಲ್ಲಿದ್ದ ನಮ್ಮ ದೊಡ್ಡಮ್ಮ ಬೆಳಗಿನ ಜಾವ ತೀರಿಕೊಂಡರು. ಅಮ್ಮ ಹೋದ ಮೇಲೆ ನನಗೆ ತವರು ಅಂತ ಉಳಿದಿದ್ದು ಆ ಮನೆ ಒಂದೇ. ದೊಡ್ಡಮ್ಮನ ಮಗಳು, ನನಗೆ ಅಕ್ಕ, ಐದು ಗಂಟೆಗೆಲ್ಲ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಸುದ್ದಿ ಹಾಕಿದ್ದಳು: ‘ಅಮ್ಮ ಹೋದರು. ಮಧ್ಯಾಹ್ನ 12ಕ್ಕೆ ಸಂಸ್ಕಾರ.’ ಆ ಗ್ರೂಪಿನಲ್ಲಿ ನಾವು 64 ಜನ. ದಿನಾ ಬೆಳಗಾದರೆ ಗುಲಾಬಿ ಹೂವು, ದೇವರ ಪಟ, ‘ಶುಭೋದಯ’, ಯಾರದೋ ಮೊಮ್ಮಗನ ಕೇಕು, ಅದಕ್ಕೆ ನಲವತ್ತು ಕೈಮುಗಿಯುವ ಚಿತ್ರ. ಆ ಕಾಟ ತಡೆಯಲಾರದೆ ನಾನು ಗ್ರೂಪನ್ನು ಮ್ಯೂಟ್ ಮಾಡಿದ್ದೆ. ಎಂಟು ಗಂಟೆ, ಒಂದು ವಾರ, ಯಾವಾಗಲೂ ಅಂತ ಮೂರು ಆಯ್ಕೆ ಕೊಡುತ್ತದಲ್ಲ, ನಾನು ಒತ್ತಿದ್ದು ‘ಯಾವಾಗಲೂ’.

ಮಗಳನ್ನು ಶಾಲೆಗೆ ಕಳಿಸಿ, ಬಟ್ಟೆ ಒಣಗಿಸಿ, ಕಾಫಿ ಲೋಟ ಹಿಡಿದು ಕೂತಾಗ ಹತ್ತೂವರೆ. ಗ್ರೂಪ್ ತೆಗೆದರೆ ಮೇಲಿಂದ ಕೆಳಗಿನವರೆಗೆ ‘ಓಂ ಶಾಂತಿ’. ಬೆಂಗಳೂರಿಂದ ಶಿವಮೊಗ್ಗಕ್ಕೆ ಸುಮಾರು 300 ಕಿಲೋಮೀಟರ್. ಎಷ್ಟು ಜೋರಾಗಿ ಹೋದರೂ ಐದು ಗಂಟೆ ದಾರಿ. ನಾವು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು, ಮನೆ ತೊಳೆದು, ನಡುಮನೆಯಲ್ಲಿ ದೀಪ ಹಚ್ಚಿಟ್ಟಿದ್ದರು. ಅಕ್ಕ ನನ್ನ ಮುಖ ನೋಡಿ ಅಂದದ್ದು ಒಂದೇ ಮಾತು: ‘ಐದು ಗಂಟೆಗೇ ಮೆಸೇಜ್ ಹಾಕಿದ್ದೆನಲ್ಲ, ನೋಡ್ಲಿಲ್ವಾ?’

‘ಒಂದು ಫೋನ್ ಮಾಡಬಾರದಿತ್ತೇನೇ ಅಕ್ಕ?’ ಅಂತ ನನ್ನ ಬಾಯಿಗೂ ಬಂತು. ನುಂಗಿಕೊಂಡೆ. ಹದಿಮೂರನೇ ದಿನ ಹೋದಾಗಲೂ ಅವಳು ಎಲೆ ಹಾಕಿ ಬಡಿಸಿದಳೇ ಹೊರತು ಮಾತಾಡಲಿಲ್ಲ.

ಈಗ ಹೇಳಿ, ತಪ್ಪು ಯಾರದು? ಬಹಳ ದಿನ ನಾನು ಅಕ್ಕನದೇ ಅಂದುಕೊಂಡಿದ್ದೆ. ಆಮೇಲೆ ಅವಳ ಜಾಗದಲ್ಲಿ ನಿಂತು ನೋಡಿದೆ. ಹೆತ್ತಮ್ಮನ ದೇಹ ಎದುರಿಗಿಟ್ಟುಕೊಂಡು 64 ಜನಕ್ಕೆ ಫೋನ್ ಹಚ್ಚಿ, ಪ್ರತಿಯೊಬ್ಬರ ಅಳುವನ್ನೂ ಕೇಳಲು ಯಾರಿಂದ ಸಾಧ್ಯ? ಇನ್ನೊಂದು ವಿಷಯ ಆ ಮನೆಯಲ್ಲಿ ಎರಡು ದಿನ ಇದ್ದಾಗ ಗೊತ್ತಾಯಿತು. ಅಕ್ಕನ ಫೋನು ಪ್ರತಿ ಮೆಸೇಜಿಗೂ ಕೂಗುತ್ತದೆ. ಒಂದನ್ನೂ ಅವಳು ಮ್ಯೂಟ್ ಮಾಡಿಲ್ಲ. ಹಾಗೆ ಮಾಡಬಹುದು ಅಂತಲೇ ಅವಳಿಗೆ ಗೊತ್ತಿರಲಿಲ್ಲ. ತನ್ನ ಫೋನು ಕೂಗಿದ ಹಾಗೆ ಎಲ್ಲರ ಫೋನೂ ಕೂಗುತ್ತದೆ ಅಂತ ಅವಳು ನಂಬಿದ್ದಳು. ಮುಖ್ಯವಾದದ್ದಿದ್ದರೆ ಯಾರಾದರೂ ಫೋನ್ ಮಾಡಿಯೇ ಮಾಡ್ತಾರೆ ಅಂತ ನಾನು ನಂಬಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿರಲಿಲ್ಲ, ಅಷ್ಟೆ.

ನಮ್ಮ ಅಜ್ಜಿಯರ ಕಾಲಕ್ಕೆ ಈ ಗೊಂದಲ ಇರಲಿಲ್ಲ ನೋಡಿ. ಸುದ್ದಿ ಏನು ಅಂತ ಓದುವ ಮೊದಲೇ ತಿಳಿಯುತ್ತಿತ್ತು. ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ ಕಾಗದ ಬಂದರೆ ಮದುವೆಯೋ ಗೃಹಪ್ರವೇಶವೋ ಇರಬೇಕು. ಸಾವಿನ ಕಾರ್ಡು ಬಂದರೆ ಓದಿ ಅಲ್ಲೇ ಹರಿದುಹಾಕುತ್ತಿದ್ದರು, ಒಳಗೆ ತರುತ್ತಿರಲಿಲ್ಲ. ಇನ್ನು ‘ಟೆಲಿಗ್ರಾಂ’ ಅಂತ ಬಾಗಿಲಲ್ಲಿ ಕೂಗಿದರೆ ಸಾಕು, ಒಡೆದು ನೋಡುವ ಮೊದಲೇ ಮನೆ ಹೆಂಗಸರು ಕಣ್ಣಿಗೆ ಸೆರಗು ಹಚ್ಚುತ್ತಿದ್ದರು. ಕೆಲಸ ಸಿಕ್ಕಿದ ಸುದ್ದಿಯೇ ಇದ್ದರೂ ಮೊದಲು ಒಂದು ಸುತ್ತು ಅಳು! ಆ ತಂತಿ ಸೇವೆ ನಮ್ಮ ದೇಶದಲ್ಲಿ 2013ರ ಜುಲೈ ಮಧ್ಯದಲ್ಲಿ ನಿಂತೇಹೋಯಿತು.

ಅದಕ್ಕೂ ಮುಂಚೆ ಎಸ್ಸೆಮ್ಮೆಸ್ ಬಂದಾಗಿತ್ತು. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರ್ ಕಂಪ್ಯೂಟರಿನಿಂದ ಒಂದು ಫೋನಿಗೆ ‘ಮೆರಿ ಕ್ರಿಸ್‌ಮಸ್’ ಅಂತ ಕಳಿಸಿದ್ದು ಮೊಟ್ಟಮೊದಲ ಮೆಸೇಜು. ಹಳೇ ನೋಕಿಯಾ ಫೋನಿನ ಮೆಸೇಜ್ ಸದ್ದು ನೆನಪಿದೆಯಾ? ಮೂರು ಗಿಡ್ಡ, ಎರಡು ಉದ್ದ, ಮತ್ತೆ ಮೂರು ಗಿಡ್ಡ. ತಂತಿಯವರ ಮೋರ್ಸ್ ಸಂಕೇತದಲ್ಲಿ ಅದು ‘ಎಸ್ ಎಂ ಎಸ್’ ಅಂತಲೇ ಆಗುತ್ತದೆ. ಆಗ ಒಂದು ಮೆಸೇಜಿಗೆ 160 ಅಕ್ಷರವಷ್ಟೇ, ಅದಕ್ಕೂ ದುಡ್ಡು. ಹಬ್ಬದ ದಿನ ಮೆಸೇಜ್ ಪ್ಯಾಕ್ ನಡೆಯುತ್ತಿರಲಿಲ್ಲ. ನಾನು ಬಿ.ಎ. ಓದುವಾಗ ಇನ್‌ಬಾಕ್ಸ್ ತುಂಬಿದರೆ ಯಾವುದನ್ನು ಅಳಿಸುವುದು ಅಂತ ಸಂಕಟಪಟ್ಟು ಅಳಿಸುತ್ತಿದ್ದೆ. ಹಾಗಾಗಿ ಬಂದ ಒಂದೊಂದು ಮೆಸೇಜಿಗೂ ಬೆಲೆ ಇತ್ತು. ಈಗ ಮದುವೆ ಕರೆಯೋಲೆ, ಬಾಡಿಗೆ ಕೇಳುವುದು, ಸೀರೆ ಸೇಲು, ಸಾವು ಎಲ್ಲಕ್ಕೂ ಅದೇ ‘ಟಿಣ್’.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಐದು ಜನ, ಐದು ಪದ್ಧತಿ. ಅತ್ತೆಯ ಫೋನು ಪೂರ್ತಿ ಸದ್ದಿನಲ್ಲಿ. ಕೀಲಿ ಒತ್ತಿದರೂ ಟಕ್ ಟಕ್. ಪಿಯುಸಿ ಓದುವ ಮಗನದು ಎಂದೂ ಸದ್ದು ಮಾಡುವುದಿಲ್ಲ. ಅವನಿಗೆ ಫೋನ್ ಮಾಡುವುದೇ ಅವಮಾನ: ‘ಮೊದ್ಲು ಮೆಸೇಜ್ ಮಾಡಿ ಕೇಳ್ಬೇಕಮ್ಮ, ಆಮೇಲೆ ಕಾಲ್’ ಅಂತಾನೆ. ನಾವು ಹೆತ್ತವರು ಅಪ್ಪಣೆ ಕೇಳಿ ಫೋನ್ ಮಾಡಬೇಕಂತೆ! ಮಗಳಿಗೆ ಇನ್ನೂ ಫೋನಿಲ್ಲ, ಎಲ್ಲರದ್ದನ್ನೂ ಓದುತ್ತಾಳೆ. ನಮ್ಮವರಿಗೆ ಆಫೀಸಿನ ಇ-ಮೇಲ್ ಬಂದರೆ ಊಟದ ನಡುವೆ ಎಡಗೈಯಲ್ಲಿ ಫೋನು ತಿರುವುವ ಚಟ. ಒಂದು ದಿನ ಸಿಟ್ಟಿಗೆದ್ದು ಕೇಳಿದೆ, ‘ರಾತ್ರಿ ಒಂಬತ್ತಕ್ಕೆ ಆ ಮೇಲ್ ನೋಡಿ ಈಗೇನು ಮಾಡ್ತೀರಿ?’ ಅಂತ. ‘ಏನಿಲ್ಲ, ನಾಳೆ ಮಾಡೋದು’ ಅಂದರು. ಹಾಗಾದರೆ ಸಾರು ಯಾಕೆ ಆರಬೇಕು? ಮೇಲ್ ಅಂದರೆ ಕಾಗದ. ಒಂದು ದಿನ ಬಿಟ್ಟು ಉತ್ತರ ಬರೆದರೆ ಯಾರೂ ತಪ್ಪು ತಿಳಿಯಬಾರದು. ಲೇಖನ ಕಳಿಸಿದ ಮರುಗಳಿಗೆಯೇ ‘ಮೇಲ್ ನೋಡಿದ್ರಾ ಸಾರ್’ ಅಂತ ಸಂಪಾದಕರಿಗೆ ಫೋನ್ ಮಾಡಿ ಬೈಸಿಕೊಂಡವಳು ನಾನು, ಹಾಗಾಗಿ ಅನುಭವದಿಂದ ಹೇಳ್ತಿದ್ದೀನಿ. ಮೇಲ್‌ನ ಸದ್ದನ್ನು ನಮ್ಮವರು ಈಗ ರಾತ್ರಿ ಎಂಟರ ಮೇಲೆ ತೆಗೆದುಹಾಕಿದ್ದಾರೆ.

ಕಷ್ಟವಾದದ್ದು ನಾದಿನಿಯದು. ಅವಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅಲ್ಲಿ ನಡುಮಧ್ಯಾಹ್ನ ಅಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಮಗು ಊಟ ಮಾಡುವ ಫೋಟೊ ತೆಗೆದು ಆ ಹೊತ್ತಿಗೇ ಅಮ್ಮನಿಗೆ ಕಳಿಸುತ್ತಿದ್ದಳು. ಮಲಗುವಾಗ ಎಲ್ಲರೂ ಫೋನಿನ ಸದ್ದು ತೆಗೆದಿರ್ತಾರೆ, ಬೆಳಗ್ಗೆ ಎದ್ದು ನೋಡ್ಲಿ ಅಂತ ಅವಳ ಲೆಕ್ಕ. ಇಲ್ಲಿ ನಮ್ಮತ್ತೆ ಆ ‘ಟಿಣ್’ಗೆ ಎದ್ದು ಕೂತು, ಕನ್ನಡಕ ಸಿಗದೆ, ಎದೆ ಹೊಡೆದುಕೊಳ್ಳುತ್ತಾ ನನ್ನನ್ನು ಎಬ್ಬಿಸುತ್ತಿದ್ದರು: ‘ಏನಾಯ್ತೋ ನೋಡೇ ಸ್ವಲ್ಪ.’ ರಾತ್ರಿ ಹೊತ್ತು ಬಂದದ್ದು ಒಳ್ಳೆ ಸುದ್ದಿ ಆಗಿರಲಾರದು ಅನ್ನುವ ತಂತಿ ಕಾಲದ ಭಯ ಅವರದು. ‘ರಾತ್ರಿ ಸೈಲೆಂಟ್ ಮಾಡಿ ಅತ್ತೆ’ ಅಂದರೆ, ‘ಅವಳಿಗೇನಾದ್ರೂ ಆದ್ರೆ?’ ಅಂತ ಮರುಪ್ರಶ್ನೆ. ಆ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ ಅಲ್ವೇ?

ಇದಕ್ಕೆ ಫೋನಿನಲ್ಲೇ ಉಪಾಯ ಇದೆ. ನಿಮ್ಮ ಮನೆ ಹಿರಿಯರಿಗೂ ಮಾಡಿಕೊಡಿ. ಸೆಟ್ಟಿಂಗ್ಸ್‌ನಲ್ಲಿ ‘ಡು ನಾಟ್ ಡಿಸ್ಟರ್ಬ್’ ಅಂತ ಇರುತ್ತದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ತಾನಾಗಿಯೇ ಸದ್ದಡಗುವ ಹಾಗೆ ಹೊತ್ತು ನಿಗದಿ ಮಾಡಬಹುದು. ನೀವು ಆರಿಸಿದ ನಾಲ್ಕೈದು ನಂಬರುಗಳ ಕರೆ ಮಾತ್ರ ಆಗಲೂ ರಿಂಗ್ ಆಗುತ್ತದೆ. ಮತ್ತೊಂದು ಅನುಕೂಲವೂ ಇದೆ: ಒಂದೇ ನಂಬರಿನಿಂದ ಬೆನ್ನುಬೆನ್ನಿಗೆ ಎರಡನೇ ಸಲ ಕರೆ ಬಂದರೆ ಒಳಗೆ ಬಿಡು ಅಂತ ಹೇಳಿಡಬಹುದು. ಬಹಳಷ್ಟು ಆ್ಯಂಡ್ರಾಯ್ಡ್ ಫೋನುಗಳಲ್ಲಿ 15 ನಿಮಿಷದೊಳಗೆ, ಐಫೋನಿನಲ್ಲಿ 3 ನಿಮಿಷದೊಳಗೆ ಮತ್ತೆ ಮಾಡಬೇಕು. ಅತ್ತೆಯ ಫೋನಿಗೆ ಹೀಗೆ ಮಾಡಿ, ನಾದಿನಿಗೂ ಹೇಳಿದೆವು, ‘ಅವಸರ ಇದ್ರೆ ಎರಡು ಸಲ ಫೋನ್ ಮಾಡು’ ಅಂತ. ಮೊದಲ ವಾರ ಅತ್ತೆಗೆ ನಂಬಿಕೆ ಬರಲಿಲ್ಲ. ಪರೀಕ್ಷೆ ಮಾಡೋಕೆ ಅಂತ ರಾತ್ರಿ ಹನ್ನೊಂದಕ್ಕೆ ನನ್ನ ಕೈಲಿ ಪಕ್ಕದ ರೂಮಿಂದ ಎರಡು ಸಲ ಫೋನ್ ಮಾಡಿಸಿ, ರಿಂಗಾದ ಮೇಲೇ ಮಲಗಿದ್ದು.

ಎಲ್ಲ ಸದ್ದನ್ನೂ ತೆಗೆಯಬೇಡಿ, ದಮ್ಮಯ್ಯ. ಬ್ಯಾಂಕಿನ ಮೆಸೇಜಿಗೆ ಮಾತ್ರ ಕಿವಿ ಕೊಡಿ. ನಿಮ್ಮ ಖಾತೆಯಿಂದ ನಿಮಗೆ ತಿಳಿಯದೆ ದುಡ್ಡು ಹೋದರೆ, ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದಾಗ, ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತ್ತು. ಆ ದಿನಗಳ ಲೆಕ್ಕ ಶುರುವಾಗುವುದು ಬ್ಯಾಂಕಿನ ಸಂದೇಶ ನಿಮಗೆ ತಲುಪಿದಾಗಿನಿಂದ, ನೀವು ಬಿಡುವಾಗಿ ಓದಿದಾಗಿನಿಂದಲ್ಲ! ಮೋಸ ಆಗಿದೆ ಅನ್ನಿಸಿದರೆ 1930ಕ್ಕೂ ತಕ್ಷಣ ಕರೆ ಮಾಡಿ. ಯಾವುದು ಜಾಹೀರಾತು, ಯಾವುದು ಕೆಲಸದ್ದು ಅಂತ ಗುರುತಿಸಲು ಟ್ರಾಯ್ 2025ರಲ್ಲಿ ಒಂದು ಗುರುತು ತಂದಿದೆ. ಕಳಿಸಿದವರ ಹೆಸರಿನ ಕೊನೆಗೆ ಒಂದು ಗೆರೆ, ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರ. ‘ಪಿ’ ಇದ್ದರೆ ಜಾಹೀರಾತು, ‘ಟಿ’ ಇದ್ದರೆ ದುಡ್ಡಿನ ವಹಿವಾಟು, ‘ಎಸ್’ ಇದ್ದರೆ ಸೇವೆ, ‘ಜಿ’ ಇದ್ದರೆ ಸರ್ಕಾರದ್ದು. ಹಾಗೇ, ಪರದೆ ತೆರೆಯುವ ಮೊದಲೇ ಮೆಸೇಜಿನ ಒಳಗಿನದು ಕಾಣದಂತೆ ಮಾಡಿಕೊಳ್ಳಿ. ಕಿಟಿ ಪಾರ್ಟಿಯಲ್ಲಿ ಮೇಜಿನ ಮೇಲೆ ಫೋನು ಅಂಗಾತ ಬಿದ್ದಿರುತ್ತದೆ. ಒಟಿಪಿಯೂ ಕಾಣುತ್ತದೆ, ‘ನಿಮ್ಮತ್ತೆ ಹೊರಟ್ರಾ?’ ಅಂತ ಗೆಳತಿ ಕೇಳಿದ್ದೂ ಕಾಣುತ್ತದೆ. ಎರಡೂ ಅಪಾಯವೇ.

ನೀಲಿ ಗೆರೆಯ ಜಗಳ ಗೊತ್ತಲ್ಲ? 2014ರ ನವೆಂಬರಿನಲ್ಲಿ ವಾಟ್ಸ್‌ಆ್ಯಪ್ ಅದನ್ನು ತಂದಿದ್ದೇ ತಂದಿದ್ದು, ‘ನೋಡಿಯೂ ಉತ್ತರ ಕೊಡಲಿಲ್ಲ’ ಅನ್ನುವ ಹೊಸ ಆಪಾದನೆ ಹುಟ್ಟಿತು. ಗೆರೆ ಕಾಣದಂತೆ ಮಾಡಬಹುದು, ಆಗ ಬೇರೆಯವರದು ನಿಮಗೂ ಕಾಣುವುದಿಲ್ಲ. ಗ್ರೂಪಿನಲ್ಲಂತೂ ಮುಚ್ಚಿಡಲು ಆಗುವುದೇ ಇಲ್ಲ. ನಾನು ಆ ಗೋಜಿಗೇ ಹೋಗಿಲ್ಲ. ಒಲೆ ಮುಂದಿದ್ದರೆ ‘ಸಂಜೆ ಹೇಳ್ತೀನಿ’ ಅಂತ ಎರಡು ಪದ ಒತ್ತಿಬಿಡ್ತೀನಿ. ವಾರಗಿತ್ತಿಯ ಜೊತೆ ಅರ್ಧ ಮನಸ್ತಾಪ ಅಲ್ಲಿಗೇ ನಿಂತಿದೆ. ಇನ್ನರ್ಧಕ್ಕೆ ಬೇರೆ ಕಾರಣಗಳಿವೆ, ಅದು ಈ ಲೇಖನಕ್ಕೆ ಬೇಡ.

ಅಕ್ಕನ ಮಾತಿಗೆ ಬರ್ತೀನಿ. ದೀಪಾವಳಿಗೆ ಅವರ ಮನೆಯಲ್ಲಿ ಹಬ್ಬ ಇರಲಿಲ್ಲ, ವರ್ಷ ತುಂಬಿರಲಿಲ್ಲವಲ್ಲ. ಸುಮ್ಮನೆ ಹೋಗಿ ಎರಡು ದಿನ ಇದ್ದೆ. ರಾತ್ರಿ ಪಾತ್ರೆ ಒರೆಸುತ್ತಾ ನನ್ನ ಫೋನನ್ನು ಅವಳ ಕೈಗೆ ಕೊಟ್ಟು ಮ್ಯೂಟ್ ಮಾಡಿದ ಆ ಗ್ರೂಪನ್ನು ತೋರಿಸಿದೆ. ತುಂಬಾ ಹೊತ್ತು ನೋಡಿದಳು. ‘ಅಂದ್ರೆ ನಿನಗೆ ಕೇಳಿಸಲೇ ಇಲ್ಲ’ ಅಂದಳು. ‘ಇಲ್ಲ’ ಅಂದೆ. ಆಮೇಲೆ ಇಬ್ಬರೂ ಅತ್ತೆವು, ಅಷ್ಟೂ ದಿನದ್ದನ್ನು ಒಟ್ಟಿಗೆ.

ಮರುದಿನ ಚಿಕ್ಕಪ್ಪನನ್ನು ಕೂರಿಸಿಕೊಂಡು ಗ್ರೂಪನ್ನು ಎರಡು ಮಾಡಿದೆವು. ಹೂವು, ಕೇಕು, ಶುಭೋದಯಕ್ಕೆ ಹಳೆಯದು. ಹೊಸದರಲ್ಲಿ ಅಡ್ಮಿನ್ ಆದ ಮೂವರಷ್ಟೇ ಬರೆಯಬಹುದು, ಅದನ್ನು ಯಾರೂ ಮ್ಯೂಟ್ ಮಾಡುವಂತಿಲ್ಲ. ಆಸ್ಪತ್ರೆ, ಸಾವಿನ ಸುದ್ದಿಗೆ ಅದೂ ಸಾಲದು ಅಂತ ಎಂಟು ಜನ ಹಂಚಿಕೊಂಡೆವು, ಒಬ್ಬೊಬ್ಬರು ಏಳೆಂಟು ಜನಕ್ಕೆ ಫೋನ್ ಮಾಡುವುದು ಅಂತ. ದುಃಖದ ಮನೆಯವರು ಒಬ್ಬರಿಗೆ ಹೇಳಿದರೆ ಸಾಕು. ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಆ ಚಿಕ್ಕಪ್ಪನಿಗೇ ಎದೆನೋವು ಬಂತು. ಬೆಳಗ್ಗೆ ಆರೂ ಹತ್ತಕ್ಕೆ ನನ್ನ ಫೋನ್ ರಿಂಗಾಯಿತು. ಬೆಂಗಳೂರಿಗೆ ಕರೆತಂದ ಆ್ಯಂಬುಲೆನ್ಸ್ ಆಸ್ಪತ್ರೆ ಮುಟ್ಟುವ ಮೊದಲೇ ನಾನು ಫ್ಲಾಸ್ಕ್ ಹಿಡಿದು ಬಾಗಿಲಲ್ಲಿದ್ದೆ. ಈಗ ಚಿಕ್ಕಪ್ಪ ಆರಾಮಾಗಿದ್ದಾರೆ, ಮತ್ತೆ ಗುಲಾಬಿ ಹೂವು ಶುರು ಮಾಡಿದ್ದಾರೆ.

ಅಕ್ಕನ ಹೆಸರಿಗೆ ನನ್ನ ಫೋನಿನಲ್ಲಿ ಬೇರೆಯೇ ಸದ್ದು ಇಟ್ಟಿದ್ದೀನಿ, ಕೈಯಲ್ಲಿ ಹಿಟ್ಟಿದ್ದರೂ ಗೊತ್ತಾಗಲಿ ಅಂತ. ಆದರೂ ಅವಳಿಗೆ ಧೈರ್ಯ ಸಾಲದು. ಮೊನ್ನೆ ದೊಡ್ಡಮ್ಮ ಮಾಡುತ್ತಿದ್ದ ಹಲಸಿನ ಹಪ್ಪಳದ ಅಳತೆ ಬರೆದು ಕಳಿಸಿದಳು. ಎರಡು ನಿಮಿಷವೂ ಆಗಿರಲಿಲ್ಲ, ಫೋನು ಬಂತು.

‘ಮೆಸೇಜ್ ಹಾಕಿದ್ದೀನಿ ಕಣೇ, ನೋಡಿದ್ಯಾ?’

‘ನೋಡ್ತಾ ಇದ್ದೀನಿ ಅಕ್ಕ. ಖಾರದಪುಡಿ ಎಷ್ಟು ಅಂತ ಬರೆದೇ ಇಲ್ವಲ್ಲೇ?’